ಕಡಿಮೆ ಖರ್ಚಿನಲ್ಲಿ ಕ್ರೈಸ್ತ ಯುವಸಂಘ ನಡೆಸುವುದು: ದಾವಣಗೆರೆ, ಚಿತ್ರದುರ್ಗದ ಸಭೆಗಳಿಗೆ ಕೈಪಿಡಿ

ಯುವಸಂಘದ ಹೊಣೆ ಹೊಸದಾಗಿ ಹೊತ್ತವರು ಹೆಚ್ಚಾಗಿ ಮೊದಲು ಹುಡುಕುವುದು ಇಂಗ್ಲಿಷ್‌ನ ಸಿದ್ಧ ಪಾಠಮಾಲೆಗಳನ್ನು. ನೋಡಲು ಚೆನ್ನಾಗಿರುತ್ತವೆ, ಆದರೆ ಬೆಲೆ ಡಾಲರ್‌ನಲ್ಲಿ. ಆಟಕ್ಕೆ ಬೇಕಾದ ಸಾಮಾನು ಚೌಕಿಪೇಟೆಯೆಲ್ಲ ಸುತ್ತಿದರೂ ಸಿಗುವುದಿಲ್ಲ. ಪಾಠದಲ್ಲಿ ಬರುವ ಶಾಲೆ, ಮನೆ, ಊಟ ಯಾವುದೂ ಹರಿಹರದ ಐಟಿಐ ಹುಡುಗನಿಗಾಗಲಿ ಹೊಳಲ್ಕೆರೆಯಿಂದ ಬಸ್ಸಲ್ಲಿ ಬರುವ ಪಿಯು ಹುಡುಗಿಗಾಗಲಿ ಹೊಂದುವುದಿಲ್ಲ. ಕೊಂಡ ಪುಸ್ತಕ ಮೂರನೇ ವಾರಕ್ಕೆ ಕಪಾಟು ಸೇರುತ್ತದೆ.

ಯುವಸಂಘದಲ್ಲಿ ದುಡ್ಡು ನಿಜವಾಗಿ ಬೇಕಾಗುವುದು ಮೂರಕ್ಕೆ: ಪ್ರತಿಯೊಬ್ಬರ ಕೈಗೆ ಒಂದು ಸತ್ಯವೇದ, ಕೂಟದ ಕೊನೆಗೆ ಒಂದಿಷ್ಟು ತಿಂಡಿ, ವರ್ಷಕ್ಕೆ ಒಂದೆರಡು ಸಲ ಹೊರಗೆ ಹೋಗಿಬರುವ ಖರ್ಚು. ಜೆರಾಕ್ಸ್‌ನಂಥ ಚಿಲ್ಲರೆ ಖರ್ಚು ಬಿಟ್ಟರೆ ಉಳಿದದ್ದಕ್ಕೆಲ್ಲ ಬೇಕಾದದ್ದು ತಯಾರಿಯ ಸಮಯ. ಒಂದು ಗಂಟೆಯ ಕೂಟಕ್ಕೆ ಎರಡು ಗಂಟೆ ತಯಾರಿ, ಅದೂ ಶನಿವಾರ ರಾತ್ರಿಯಲ್ಲ, ಬುಧವಾರವೋ ಗುರುವಾರವೋ. ಇಷ್ಟು ಮಾಡಿದರೆ ಸಿದ್ಧ ಪಾಠಮಾಲೆಯ ಅಗತ್ಯ ಬೀಳುವುದಿಲ್ಲ. ಮುಂದಿನ ಲೆಕ್ಕಗಳೆಲ್ಲ 25 ಮಂದಿಯ ಸಂಘಕ್ಕೆ.

ವಾಕ್ಯಪಾಠಕ್ಕೆ ಉಚಿತವಾಗಿ ಸಿಗುವುದು

ಮುದ್ರಿತ ಕನ್ನಡ ಸತ್ಯವೇದಕ್ಕೆ ಬೈಬಲ್ ಸೊಸೈಟಿ ಆಫ್ ಇಂಡಿಯಾವನ್ನೇ ನೆಚ್ಚಬಹುದು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಎಲ್ಲರಿಗೂ ಪೂರ್ತಿ ಸತ್ಯವೇದ ಕೊಡಿಸಲು ಆಗದಿದ್ದರೆ ಹೊಸ ಒಡಂಬಡಿಕೆ ಅಥವಾ ಬಿಡಿ ಸುವಾರ್ತೆಯ ಪ್ರತಿಗಳನ್ನು ತರಿಸಿ. ಸಭಾಪಾಲಕರೋ ಫಾದರೋ ಬೆಂಗಳೂರಿಗೆ ಹೋಗುವಾಗ ಒಟ್ಟಿಗೆ ತರಿಸಿಕೊಂಡರೆ ಪಾರ್ಸೆಲ್ ಖರ್ಚೂ ಉಳಿಯುತ್ತದೆ.

ಮೊಬೈಲ್‌ನಲ್ಲಿ ಓದುವವರಿಗೆ ಯೂವರ್ಷನ್ ಆ್ಯಪ್ ಉಚಿತ, ಅದರಲ್ಲಿ ಒಂದಕ್ಕಿಂತ ಹೆಚ್ಚು ಕನ್ನಡ ಅನುವಾದಗಳಿವೆ. ಇಂಡಿಯನ್ ರಿವೈಸ್ಡ್ ವರ್ಷನ್ ಎಂಬ ಕನ್ನಡ ಅನುವಾದವನ್ನು ಗುರುತು ಹಾಕಿಕೊಳ್ಳಿ. ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಅಂದರೆ ಮೂಲವನ್ನು ಹೆಸರಿಸಿ, ಅದೇ ಪರವಾನಗಿಯಡಿ, ಯಾರನ್ನೂ ಕೇಳದೆ ಅಧ್ಯಾಯಗಟ್ಟಲೆ ಮುದ್ರಿಸಿ ಹಂಚಬಹುದು. ಹಳೆಯ ಪರಿಚಿತ ಅನುವಾದದಿಂದ ಒಂದೆರಡು ವಚನ ಬರೆದು ಹಾಕುವುದು ಬೇರೆ, ಪುಸ್ತಿಕೆಯನ್ನೇ ಅಚ್ಚು ಹಾಕಿಸುವುದು ಬೇರೆ. ಪುಸ್ತಿಕೆಗೆ ಪರವಾನಗಿ ಮುಕ್ತವಾಗಿರುವ ಅನುವಾದವನ್ನೇ ಬಳಸಿ. ಓದುವಾಗ ಮಾತ್ರ ಎರಡನ್ನೂ ಇಟ್ಟುಕೊಳ್ಳಿ: ಮೊದಲು ಮನೆಯಲ್ಲಿ ಅಜ್ಜಿ ಓದುವ ಅನುವಾದ, ಆಮೇಲೆ ಸರಳ ಅನುವಾದ. ಎರಡರ ನಡುವಿನ ವ್ಯತ್ಯಾಸವೇ ಎಷ್ಟೋ ಸಲ ಒಳ್ಳೆಯ ಪ್ರಶ್ನೆ ಹುಟ್ಟಿಸುತ್ತದೆ.

ಅನ್‌ಫೋಲ್ಡಿಂಗ್‌ವರ್ಡ್ ಸಂಸ್ಥೆಯ ಓಪನ್ ಬೈಬಲ್ ಸ್ಟೋರೀಸ್ ಕೂಡ ಇದೇ ರೀತಿ ಮುಕ್ತ. ಸೃಷ್ಟಿಯಿಂದ ಹಿಡಿದು 50 ಕಥೆಗಳು, ಚಿತ್ರಸಮೇತ, ಕನ್ನಡದಲ್ಲೂ ಇವೆ. ಓದುವ ಅಭ್ಯಾಸ ಕಡಿಮೆ ಇರುವ ಯುವಕರಿಗೆ ವರ್ಷವಿಡೀ ಇದೊಂದೇ ಸಾಕು. ಬೋಧನೆಗೆ ಚಿತ್ರಸರಣಿಗಳು ಬೇಕಾದರೆ ಫ್ರೀ ಬೈಬಲ್ ಇಮೇಜಸ್ ತಾಣದಲ್ಲಿ ಸಿಗುತ್ತವೆ. ಕೇಳುವ ಸಾಮಗ್ರಿಗೆ ಗ್ಲೋಬಲ್ ರೆಕಾರ್ಡಿಂಗ್ಸ್ ನೆಟ್‌ವರ್ಕ್‌ನ 5ಫಿಶ್ ಆ್ಯಪ್ ಇದೆ. ತಾಂಡಾಗಳಿಂದ ಬರುವ ಹುಡುಗರಿದ್ದರೆ ಅದರಲ್ಲಿ ಲಂಬಾಣಿ ಭಾಷೆಯ ಧ್ವನಿಮುದ್ರಣಗಳನ್ನೂ ಹುಡುಕಿ. ಮನೆಯ ಭಾಷೆಯಲ್ಲಿ ಒಂದು ಕಥೆ ಕೇಳಿಸಿದ ದಿನ ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂರುವವರೂ ಬಾಯಿ ಬಿಡುತ್ತಾರೆ.

ಇವನ್ನೆಲ್ಲ ಭಾನುವಾರ ಚರ್ಚಿನಲ್ಲಿ ಕೂತು ಡೌನ್‌ಲೋಡ್ ಮಾಡಲು ಹೋಗಬೇಡಿ. ಎಲ್ಲರ ಡೇಟಾ ಒಂದೇ ಸಲ ಖಾಲಿಯಾಗುತ್ತದೆ, ಕೂಟದ ಅರ್ಧ ಗಂಟೆಯೂ ಹೋಗುತ್ತದೆ. ಒಬ್ಬರ ಫೋನಿನಲ್ಲಿ ಮೊದಲೇ ಇಳಿಸಿ, ಬ್ಲೂಟೂತ್ ಅಥವಾ ಮೆಮೊರಿ ಕಾರ್ಡ್ ಮೂಲಕ ಹಂಚಿ.

ಇನ್ನೊಂದು ಮೂಲ ನಿಮ್ಮ ಚರ್ಚಿನ ಬೀರುವಿನಲ್ಲೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ರಜಾ ಬೈಬಲ್ ಶಾಲೆ (ವಿಬಿಎಸ್) ಮುಗಿದ ಮೇಲೆ ಚಾರ್ಟ್, ಬಣ್ಣದ ಹಾಳೆ, ಸ್ಕೆಚ್ ಪೆನ್, ಹಾಡಿನ ಪುಸ್ತಕಗಳು ಉಳಿದಿರುತ್ತವೆ. ಜೂನ್ ಮೊದಲ ವಾರವೇ ಸಂಡೇ ಸ್ಕೂಲ್ ಮೇಲ್ವಿಚಾರಕರನ್ನು ಕೇಳಿ ಒಂದು ಪೆಟ್ಟಿಗೆಗೆ ಹಾಕಿಸಿಡಿ. ಜುಲೈಗೆ ಹೋದರೆ ಮಳೆಯ ತೇವಕ್ಕೆ ಅರ್ಧ ಹಾಳಾಗಿರುತ್ತದೆ.

ವರ್ಷದ ಯೋಜನೆಗೆ ಅಧ್ಯಾಯಗಳನ್ನೇ ಎಣಿಸಿದರೆ ಸಾಕು. ಮಾರ್ಕನ ಸುವಾರ್ತೆ 16 ಅಧ್ಯಾಯ, ಅಂದರೆ 16 ವಾರ. ಲೂಕನದು 24, ಡಿಸೆಂಬರ್ 1ರಿಂದ ದಿನಕ್ಕೊಂದರಂತೆ ಓದಿದರೆ ಕ್ರಿಸ್ಮಸ್ ಹಿಂದಿನ ದಿನಕ್ಕೆ ಮುಗಿಯುತ್ತದೆ. ಯಾಕೋಬನ ಪತ್ರಿಕೆ 5, ರೂತಳ ಪುಸ್ತಕ 4. ಈ ರೂತಳ ಪುಸ್ತಕವನ್ನು ಶೇಂಗಾ ಕೀಳುವ, ಭತ್ತ ಕೊಯ್ಯುವ ಕಾಲಕ್ಕೇ ಇಟ್ಟುಕೊಳ್ಳಿ. ಹಕ್ಕಲು ಆಯುವುದನ್ನು, ಅಂದರೆ ಕೊಯ್ದ ಹೊಲದಲ್ಲಿ ಉಳಿದ ತೆನೆ ಆರಿಸುವುದನ್ನು, ರೂತಳು ಮಾಡಿದಂತೆಯೇ ಕಣ್ಣಾರೆ ಕಂಡ ಮಕ್ಕಳು ಚಳ್ಳಕೆರೆ ಕಡೆಯ ಸಭೆಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಎರಡನೇ ಅಧ್ಯಾಯವನ್ನು ವಿವರಿಸಬೇಕಿಲ್ಲ, ಅವರೇ ಉಳಿದವರಿಗೆ ವಿವರಿಸುತ್ತಾರೆ. ಯೇಸು ಹೇಳಿದ ಬಿತ್ತುವವನ ಸಾಮ್ಯವನ್ನು (ದೃಷ್ಟಾಂತ ಕಥೆಯನ್ನು) ಮುಂಗಾರು ಬಿತ್ತನೆಯ ಜೂನ್‌ನಲ್ಲಿ ಮಾಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಪಿಯು ಮತ್ತು ಎಸ್ಸೆಸ್ಸೆಲ್ಸಿ ಪರೀಕ್ಷೆಗಳು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಜೊತೆಗೇ ಬೀಳುತ್ತವೆ. ಆಗ ಕೂಟವನ್ನು 30 ನಿಮಿಷಕ್ಕೆ ಇಳಿಸಿ: ಒಂದು ಹಾಡು, ಸತ್ಯವೇದದ ಒಂದು ಕೀರ್ತನೆ, ಹೆಸರು ಹಿಡಿದು ಪ್ರಾರ್ಥನೆ. ಹಟ ಹಿಡಿದು ಪೂರ್ತಿ ಕಾರ್ಯಕ್ರಮ ಇಟ್ಟರೆ ಪರೀಕ್ಷೆ ಬರೆಯುವವರು ಎರಡು ತಿಂಗಳು ತಪ್ಪಿಸುತ್ತಾರೆ, ಆಮೇಲೆ ಬರಲು ಸಂಕೋಚಪಡುತ್ತಾರೆ.

ದಾವಣಗೆರೆಯಂಥ ಊರಿನಲ್ಲಿ ಕಥೋಲಿಕ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತಿತರ ಸಭೆಗಳ ಯುವಕರು ಒಟ್ಟಿಗೆ ಸೇರುವ ಸಂದರ್ಭ ಬಂದರೆ ಪಾಠವನ್ನು ನಾಲ್ಕು ಸುವಾರ್ತೆಗಳಿಂದಲೇ ಆರಿಸಿ. ಕಥೋಲಿಕರ ಬೈಬಲ್‌ನಲ್ಲಿ 73 ಪುಸ್ತಕಗಳು, ಪ್ರೊಟೆಸ್ಟೆಂಟರದರಲ್ಲಿ 66. ಹೆಸರುಗಳ ಕಾಗುಣಿತವೂ ಬೇರೆ ಬೇರೆ. ಆ ಚರ್ಚೆ ಒಳ್ಳೆಯದೇ, ಆದರೆ ಮೊದಲ ಭೇಟಿಯಲ್ಲಿ ಬೇಡ.

ಒಂದೇ ಹಾಳೆಯಲ್ಲಿ ಎಂಟು ಪುಟದ ಪುಸ್ತಿಕೆ

ಇದಕ್ಕೆ ಬೇಕಾದದ್ದು ತಲೆಗೊಂದು ಎ4 ಜೆರಾಕ್ಸ್, ಒಂದು ಕತ್ತರಿ. ಸ್ಟೇಪ್ಲರ್ ಬೇಡ, ಗೋಂದು ಬೇಡ. ವಾರದ ಓದು, ಒಂದು ಹಾಡು, ನಾಲ್ಕು ಪ್ರಶ್ನೆ, ಪ್ರಾರ್ಥನೆಯ ವಿಷಯಗಳು ಎಲ್ಲ ಇದರಲ್ಲಿ ಹಿಡಿಯುತ್ತವೆ, ಅಂಗಿ ಜೇಬಿಗೂ ಹೋಗುತ್ತದೆ.

ಹಾಳೆಯನ್ನು ಅಡ್ಡಡ್ಡ ಇಟ್ಟು ಮೇಲೆ ನಾಲ್ಕು, ಕೆಳಗೆ ನಾಲ್ಕು ಮನೆ ಮಾಡಿ. ಕೆಳಗಿನ ಸಾಲಿನಲ್ಲಿ ಎಡದಿಂದ ಬಲಕ್ಕೆ 6, 7, 8, 1 ಎಂದು ಪುಟಗಳು ನೆಟ್ಟಗೆ ಬರಬೇಕು. ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ 5, 4, 3, 2, ಇವು ತಲೆಕೆಳಗಾಗಿ ಬರಬೇಕು. 1 ಮುಖಪುಟ, 8 ಹಿಂಬದಿ. ಒಂದೇ ಮಗ್ಗುಲಿಗೆ ಜೆರಾಕ್ಸ್ ಮಾಡಿಸಿ. ಗೆರೆಗಳುದ್ದಕ್ಕೂ ಮಡಿಚಿ ಬಿಡಿಸಿ, ಎಂಟು ಮನೆ ಮೂಡಲಿ. ಆಮೇಲೆ ಹಾಳೆಯನ್ನು ಅಗಲಕ್ಕೆ ಅರ್ಧ ಮಡಿಚಿ, ಮಡಿಕೆಯ ಕಡೆಯಿಂದ ನಡುಗೆರೆಯಲ್ಲಿ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಬಿಡಿಸಿದಾಗ ನಡುವಿನ ಎರಡು ಮನೆಗಳ ಉದ್ದಕ್ಕೆ ಸೀಳು ಇರುತ್ತದೆ, ಎರಡು ತುದಿಯ ಮನೆಗಳು ಕೂಡಿಕೊಂಡೇ ಇರುತ್ತವೆ. ಈಗ ಅಚ್ಚಾದ ಮಗ್ಗುಲು ಹೊರಗೆ ಬರುವಂತೆ ಉದ್ದಕ್ಕೆ ಮಡಿಚಿ, ಎರಡು ತುದಿಗಳನ್ನು ಒಳಕ್ಕೆ ತಳ್ಳಿ. ಸೀಳು ಬಾಯಿ ತೆರೆದು ಎಲೆಗಳು ಕೂಡುತ್ತವೆ. ಮುಖಪುಟ ಮೇಲೆ ಬರುವಂತೆ ಒತ್ತಿ ಮಡಿಚಿ.

ಕೆಡುವುದು ಎರಡು ಕಡೆ. ಮೊದಲನೆಯದು ಅಕ್ಷರದ ಗಾತ್ರ. ಒಂದು ಪುಟ ಸಿಗುವುದು 74 ಮಿಲಿಮೀಟರ್ ಅಗಲ, 105 ಎತ್ತರ. ಜಾಗ ಉಳಿಸಲು 8 ಪಾಯಿಂಟ್‌ಗೆ ಇಳಿಸಿದರೆ ಇಂಗ್ಲಿಷ್ ಓದಬಹುದು, ಕನ್ನಡ ಆಗುವುದಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಕೊಂಬಿಗೆ ತಾಗಿ ಜೆರಾಕ್ಸ್‌ನಲ್ಲಿ ಕಪ್ಪು ಚುಕ್ಕೆಯಾಗುತ್ತವೆ. 10 ಪಾಯಿಂಟ್‌ಗೆ ಕಡಿಮೆ ಮಾಡಬೇಡಿ, ಸಾಲಿನ ಅಂತರ ಅಕ್ಷರದ ಒಂದೂವರೆಯಷ್ಟಿರಲಿ, ಪುಟಕ್ಕೆ 50 ಪದಕ್ಕಿಂತ ಹೆಚ್ಚು ತುಂಬಬೇಡಿ. ಅಂಚಿನಲ್ಲಿ 7 ಮಿಲಿಮೀಟರ್ ಖಾಲಿ ಬಿಡದಿದ್ದರೆ ಜೆರಾಕ್ಸ್ ಯಂತ್ರ ಅಂಚಿನ ಅಕ್ಷರಗಳನ್ನು ತಿನ್ನುತ್ತದೆ.

ಎರಡನೆಯದು ಫಾಂಟು. ಸಭೆಯಲ್ಲಿ ಹಾಡುವ ಹಳೆಯ ಕೀರ್ತನೆಗಳು ಹೆಚ್ಚಾಗಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಆಗಿರುತ್ತವೆ. ಮೊಬೈಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಪರಿವರ್ತಕದಿಂದ ಯೂನಿಕೋಡ್‌ಗೆ ತಿರುಗಿಸಿ. ತಿರುಗಿಸಿದ ಮೇಲೆ ರಕಾರದ ಒತ್ತು, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ, ತಪ್ಪು ಅಲ್ಲೇ ನುಸುಳುವುದು. ಜೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ಕಳಿಸಬೇಡಿ, ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಪಿಡಿಎಫ್ ಮಾಡಿ ಕಳಿಸಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಈ ಎರಡು ಫಾಂಟುಗಳೂ ಉಚಿತ. ಮೊದಲನೆಯದು ಓದಲಿಕ್ಕೆ, ಎರಡನೆಯದು ಮುಖಪುಟದ ಹೆಸರಿಗೆ.

ಕಡಿಮೆ ಖರ್ಚಿನ ಒಂದು ಪೂರ್ತಿ ಕೂಟ: ದ್ರಾಕ್ಷಿತೋಟದ ಕೂಲಿಯಾಳುಗಳು

ಮತ್ತಾಯ 20:1–16. ಬೆಳಗಿನ ಜಾವ ಕೂಲಿಗೆ ಜನ ನಿಲ್ಲುವ ವೃತ್ತಗಳನ್ನು ದಿನಾ ನೋಡುವ ಊರಿನವರಿಗೆ ಇಷ್ಟು ಹತ್ತಿರದ ಸಾಮ್ಯ ಇನ್ನೊಂದಿಲ್ಲ. ನಿಮ್ಮ ಯುವಕರಲ್ಲೇ ಕೆಲವರ ಅಪ್ಪಂದಿರು ಅಲ್ಲಿ ನಿಂತಿರಬಹುದು, ಆದ್ದರಿಂದ ಇದನ್ನು ಗೌರವದಿಂದ ಮಾಡಬೇಕು. ಕೂಲಿಯವರ ಅನುಕರಣೆ, ವೇಷ ಯಾವುದೂ ಬೇಡ.

ಬೇಕಾದದ್ದು: ಕಡಲೆ, ಅವರೆಕಾಳು, ಹುರುಳಿ ಅರ್ಧರ್ಧ ಕಿಲೋ ಬೆರೆಸಿದ ಕಾಳು, ಐದು ಮೊರ ಅಥವಾ ತಟ್ಟೆ, 25 ಶೇಂಗಾ ಚಿಕ್ಕಿ, ಗಡಿಯಾರ. ಯಾವ ವಾಕ್ಯಭಾಗ ಎಂದು ಮೊದಲೇ ಹೇಳಬೇಡಿ, ಕಥೆ ಗೊತ್ತಾದರೆ ಮುಂದಿನದೆಲ್ಲ ನಾಟಕವಾಗುತ್ತದೆ.

ಐದೈದು ಮಂದಿಯ ಐದು ಗುಂಪು ಮಾಡಿ. ಕಥೆಯಲ್ಲಿ ದಿನದ ಕೆಲಸ 12 ತಾಸು, ಇಲ್ಲಿ 12 ನಿಮಿಷ. ಮೊದಲ ಗುಂಪಿಗೆ ಕಾಳು ಬೇರ್ಪಡಿಸುವ ಕೆಲಸ ಕೊಟ್ಟು, 12 ನಿಮಿಷಕ್ಕೆ ಒಬ್ಬೊಬ್ಬರಿಗೆ ಒಂದು ಚಿಕ್ಕಿ ಎಂದು ಮಾತಾಡಿಕೊಳ್ಳಿ. 3 ನಿಮಿಷ ಕಳೆದ ಮೇಲೆ ಎರಡನೇ ಗುಂಪನ್ನು ಕರೆಯಿರಿ, 'ನ್ಯಾಯವಾದದ್ದು ಕೊಡುತ್ತೇನೆ' ಎಂದಷ್ಟೇ ಹೇಳಿ. 6ನೇ ನಿಮಿಷಕ್ಕೆ ಮೂರನೇ ಗುಂಪು, 9ಕ್ಕೆ ನಾಲ್ಕನೆಯದು, 11ಕ್ಕೆ ಕೊನೆಯದು. ಕಾಯುವ ಗುಂಪುಗಳಿಗೆ ಏನೂ ಕೆಲಸ ಕೊಡಬೇಡಿ, ಸುಮ್ಮನೆ ನಿಂತಿರಲಿ. 'ನಮ್ಮನ್ನು ಯಾಕೆ ಕರೆಯುತ್ತಿಲ್ಲ' ಎಂಬ ಬೇಸರವೂ ಪಾಠದ ಭಾಗ.

12 ನಿಮಿಷಕ್ಕೆ ನಿಲ್ಲಿಸಿ, ಕೊನೆಗೆ ಬಂದವರಿಂದ ಕೂಲಿ ಹಂಚಲು ಶುರುಮಾಡಿ, ಎಲ್ಲರಿಗೂ ಒಂದೊಂದು ಚಿಕ್ಕಿ. ಮೊದಲ ಗುಂಪು ಖಂಡಿತ ಗೊಣಗುತ್ತದೆ. ಆಗ ಸತ್ಯವೇದ ತೆರೆದು ಓದಿಸಿ. ಮುಂದಿನ ಪ್ರಶ್ನೆಗಳನ್ನು ಐವರ ಗುಂಪುಗಳಲ್ಲೇ ಕೇಳಿ, ಎಲ್ಲರೂ ಒಟ್ಟಿಗೆ ಕೂತಾಗ ಮಾತಾಡುವವರು ಅವೇ ಮೂವರು. ಯಜಮಾನ ಯಾರಿಗಾದರೂ ಮಾತು ತಪ್ಪಿದನೇ? ಸಂಜೆ ಐದಕ್ಕೂ ಅಲ್ಲೇ ನಿಂತಿದ್ದವರನ್ನು 'ಯಾರೂ ನಮ್ಮನ್ನು ಕರೆಯಲಿಲ್ಲ' ಎನ್ನುವ ಸ್ಥಿತಿಗೆ ತಂದದ್ದು ಏನು? ಅವರ ಮನೆಯಲ್ಲಿ ರಾತ್ರಿ ಒಲೆ ಉರಿಯಲು ಎಷ್ಟು ಕೂಲಿ ಬೇಕು? ಅಂಕ, ಕೆಲಸ, ಮದುವೆ ಇವುಗಳಲ್ಲಿ ಪಕ್ಕದವನಿಗೆ ಸಿಕ್ಕದ್ದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುವುದು ಯಾವಾಗ?

ಮುಂದಾಳು ಇಲ್ಲಿ ಉತ್ತರ ಕೊಡಬಾರದು. ಪ್ರಶ್ನೆ ಕೇಳಿ 15 ಸೆಕೆಂಡ್ ಮೌನವಿದ್ದರೆ ಇರಲಿ. ಆ ಮೌನ ತಾಳಲಾರದೆ ಬಾಯಿ ಹಾಕಿದರೆ ಕೂಟ ಪ್ರಸಂಗವಾಗಿ ಮುಗಿಯುತ್ತದೆ, ಮುಂದಿನ ವಾರದಿಂದ ಯಾರೂ ಉತ್ತರ ಹುಡುಕುವುದಿಲ್ಲ. ಕಡೆಯ ಹತ್ತು ನಿಮಿಷದಲ್ಲಿ ಒಂದೇ ಮಾತು ಹೇಳಿ, ಪ್ರಾರ್ಥಿಸಿ. ಬೇರ್ಪಡಿಸಿದ ಕಾಳನ್ನು ಒಬ್ಬರು ಮನೆಗೆ ಒಯ್ದು ನೆನೆಸಿ, ಮುಂದಿನ ಭಾನುವಾರ ಉಸಲಿ ಮಾಡಿ ತರಲಿ. ಕಾಳು ವ್ಯರ್ಥವಾಗುವುದಿಲ್ಲ.

ಆಟ, ಹಾಡು

ಲಗೋರಿಯನ್ನು ವಚನ ಕಂಠಪಾಠಕ್ಕೆ ತಿರುಗಿಸಬಹುದು. ಪ್ಲೈವುಡ್ ಅಂಗಡಿಯಲ್ಲಿ ಉಳಿಕೆ ತುಂಡುಗಳನ್ನು ಕೇಳಿ, 12 ಮಿಲಿಮೀಟರ್ ದಪ್ಪದಲ್ಲಿ ಅಂಗೈಯಗಲದ ಏಳು ಚೌಕ ಕತ್ತರಿಸಿಕೊಳ್ಳಿ. ಕಲ್ಲು, ಟೈಲ್ಸ್ ಬೇಡ, ಸಿಡಿದು ಕಾಲಿಗೆ ಪೆಟ್ಟಾಗುತ್ತದೆ. ವಚನವನ್ನು ಏಳು ತುಂಡು ಮಾಡಿ ಕಾಗದದಲ್ಲಿ ಬರೆದು ಅಂಟಿಸಿ. ಮೀಕ 6:8 ಇದಕ್ಕೆ ಚೆನ್ನಾಗಿ ಹೊಂದುತ್ತದೆ. 4 ಮೀಟರ್ ದೂರದಿಂದ ಟೆನಿಸ್ ಚೆಂಡು ಎಸೆದು ಬೀಳಿಸಿದ ತಂಡ, ಎದುರಾಳಿಗಳು ಮೊಣಕಾಲಿನ ಕೆಳಗೆ ಚೆಂಡು ಹೊಡೆಯುವುದರೊಳಗೆ, ವಚನದ ಕ್ರಮದಲ್ಲೇ ಕೆಳಗಿನಿಂದ ಮೇಲಕ್ಕೆ ಜೋಡಿಸಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕೊನೆಯ ಚೌಕ ಯಾವುದೆಂದು ಎಲ್ಲರಿಗೂ ತಕ್ಷಣ ಗೊತ್ತಾಗುತ್ತದೆ. ನಡುವಿನ ನಾಲ್ಕನ್ನು ಒಂದೇ ಅಳತೆಯ ಪದಗುಚ್ಛಗಳಾಗಿ ಒಡೆದರೆ ಮಾತ್ರ ತಲೆ ಓಡಿಸಬೇಕಾಗುತ್ತದೆ.

ತಾಳಕ್ಕೆ ಡ್ರಮ್ ಸೆಟ್ ಬೇಕಿಲ್ಲ. ಕೂತು ಬಾರಿಸುವ ಕಹೋನ್ ಪೆಟ್ಟಿಗೆಯನ್ನು ಸಭೆಯಲ್ಲಿರುವ ಬಡಗಿಯೇ ಮಾಡಿಕೊಡಬಲ್ಲ. 12 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮೇಲೆ ಕೆಳಗೆ 30×30 ಸೆಂಟಿಮೀಟರಿನ ಎರಡು, ಪಕ್ಕಕ್ಕೆ 45.6×30ರ ಎರಡು. ಹಿಂಬದಿಗೆ 6 ಮಿಲಿಮೀಟರಿನ 48×30 ತುಂಡು, ಅದರಲ್ಲಿ 12 ಸೆಂಟಿಮೀಟರ್ ವ್ಯಾಸದ ರಂಧ್ರ. ಬಾರಿಸುವ ಮುಂಬದಿಗೆ 3 ಅಥವಾ 4 ಮಿಲಿಮೀಟರಿನ 48×30 ತುಂಡು. ಮೇಲೆ ಕೂರುವುದರಿಂದ ಒಳಮೂಲೆಗಳಿಗೆ ರೀಪರ್ (ಮರದ ಪಟ್ಟಿ) ಕೊಟ್ಟು, ಐದು ತುಂಡುಗಳನ್ನು ಫೆವಿಕಾಲ್ ಹಾಕಿ ಒಂದು ದಿನ ಬಿಗಿದಿಡಿ. ಮುಂಬದಿಗೆ ಮಾತ್ರ ಗೋಂದು ಹಾಕಬಾರದು, ಸ್ಕ್ರೂ ಸಾಕು. ಅದರಲ್ಲೂ ಮೇಲಿನ ಎರಡು ಮೂಲೆಗಳಿಗೆ ಸ್ಕ್ರೂ ಬಿಗಿಯದೆ ಬಿಟ್ಟರೆ ಚಟ್ ಎನ್ನುವ ಸದ್ದು ಬರುತ್ತದೆ. ಪೂರ್ತಿ ಬಿಗಿದರೆ ಎಲ್ಲಿ ಬಾರಿಸಿದರೂ ಒಂದೇ ಮಂದ ದನಿ. ಹಳೆಯ ಗಿಟಾರಿನ ಸಣ್ಣ ತಂತಿ ಎರಡನ್ನು ಒಳಗಿನಿಂದ ಮುಂಬದಿಗೆ ತಾಗುವಂತೆ ಎಳೆದು ಕಟ್ಟಿ. ತೀರ ಸಡಿಲವಾದರೆ ಪ್ರಾರ್ಥನೆಯ ಹೊತ್ತಿಗೂ ಗುಂಯ್ ಎನ್ನುತ್ತಿರುತ್ತದೆ, ತೀರ ಬಿಗಿಯಾದರೆ ದನಿಯೇ ಇಲ್ಲ.

ಹಾಡುಗಳ ವಿಷಯದಲ್ಲಿ ಒಂದು ಕಾನೂನು ತಿಳಿದಿರಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಿಜವಾದ ಧಾರ್ಮಿಕ ವಿಧಿಯ ಭಾಗವಾಗಿ ಹಾಡುವುದು ಉಲ್ಲಂಘನೆಯಲ್ಲ. ಆದರೆ ಹಾಡಿನ ಪುಸ್ತಕ ಅಚ್ಚು ಹಾಕಿಸಲು, ರೆಕಾರ್ಡ್ ಮಾಡಿ ಹರಿಬಿಡಲು ಬರೆದವರ ಅನುಮತಿ ಬೇಕು. ರಚಿಸಿದವರು ತೀರಿಕೊಂಡು 60 ವರ್ಷ ದಾಟಿದ್ದರೆ ಆ ಕಟ್ಟು ಇಲ್ಲ. ಹಳೆಯ ಕೀರ್ತನೆಗಳು ಎಷ್ಟೋ ಈ ಗುಂಪಿಗೆ ಸೇರುತ್ತವೆ, ಪುಸ್ತಿಕೆಗೆ ಅವನ್ನೇ ಆರಿಸಿ. ಡಿಸೆಂಬರ್‌ನಲ್ಲಿ ಮನೆಮನೆಗೆ ಕ್ಯಾರಲ್ಸ್ ಹೋಗುವಾಗ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಷಿದ್ಧ ಎಂಬುದನ್ನು ಮರೆಯಬೇಡಿ. ಹತ್ತಕ್ಕೆ ಮುಗಿಯುವಂತೆ ಬೀದಿಗಳನ್ನು ಹಂಚಿಕೊಂಡರೆ ನೆರೆಹೊರೆಯವರ ಪ್ರೀತಿಯೂ ಉಳಿಯುತ್ತದೆ.

ಹೊರಗೆ ಹೋಗುವ ದಿನ

ರಾತ್ರಿ ತಂಗುವ ಕ್ಯಾಂಪಿಗಿಂತ ಬೆಳಗ್ಗೆ ಹೋಗಿ ಸಂಜೆ ಬರುವ ಕೂಟಕ್ಕೆ ಖರ್ಚು ಬಹಳ ಕಡಿಮೆ, ಹೆಣ್ಣುಮಕ್ಕಳನ್ನು ಮನೆಯವರು ಕಳಿಸುವುದೂ ಸುಲಭ. ಈ ಎರಡು ಜಿಲ್ಲೆಗಳಲ್ಲಿ ವಾಕ್ಯಕ್ಕೆ ಹೊಂದುವ ಜಾಗಗಳಿಗೆ ಬರವಿಲ್ಲ.

ಚಿತ್ರದುರ್ಗದ ಕಲ್ಲಿನ ಕೋಟೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ದೇವರನ್ನು ಬಂಡೆ, ಕೋಟೆ ಎಂದು ಕರೆಯುವ 18ನೇ ಕೀರ್ತನೆಯನ್ನು ಬಂಡೆಯ ಮೇಲೆ ಕೂತು ಓದಿ. ಬಂಡೆಯ ಮೇಲೆ ಮನೆ ಕಟ್ಟಿದವನ ಮಾತನ್ನು, ಅಂದರೆ ಮತ್ತಾಯ 7:24–27 ಅನ್ನು, ಅಡಿಪಾಯ ಕಾಣುವ ಕಡೆ ಓದಿ. ಅಕ್ಕತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡಗಳ ಹತ್ತಿರ, ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಯೋಹಾನ 4. ದಾವೀದ ಅದುಲ್ಲಾಮ್ ಗವಿಯಲ್ಲಿ ಅಡಗಿದ್ದ ಭಾಗವನ್ನು, 1 ಸಮುವೇಲ 22ನ್ನು, ಚಂದ್ರವಳ್ಳಿಗೆ ಇಟ್ಟುಕೊಳ್ಳಿ. ಸಾಲದಲ್ಲಿ ಬಿದ್ದವರು, ಕುಗ್ಗಿದವರು ಅವನ ಹತ್ತಿರ ಬಂದು ಸೇರಿದರು ಎಂಬ ಸಾಲಿಗೆ ಆ ಗುಹೆಗಳ ತಂಪಿನಲ್ಲಿ ಬೇರೆಯೇ ತೂಕ ಬರುತ್ತದೆ.

ಕೋಟೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟಿಕೆಟ್ ಇದೆ, 15 ವರ್ಷದೊಳಗಿನವರಿಗೆ ಬೇಕಿಲ್ಲ. ಮೈಕ್, ಬ್ಯಾನರ್, ಅಡುಗೆ ಬೇಡ. ಸಣ್ಣ ಗುಂಪುಗಳಾಗಿ ಕೂತು ಮೆಲುದನಿಯಲ್ಲಿ ಓದಿ, ಬೇರೆ ಭಕ್ತರು ಬರುವ ಗುಡಿಗಳ ಮುಂದೆ ಬೇಡ. ಬೆಳಗ್ಗೆ ಏಳಕ್ಕೆ ಹತ್ತಿ ಹತ್ತೂವರೆಗೆ ಇಳಿದುಬಿಡಿ. ಮಾರ್ಚ್ ನಂತರ ಬಂಡೆ ಕಾದರೆ ಕೂರಲಾಗುವುದಿಲ್ಲ. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದರೆ ಕೋತಿಗಳು ಕಿತ್ತುಕೊಳ್ಳುತ್ತವೆ, ಚೀಲದೊಳಗಿರಲಿ, ತಿನ್ನುವುದು ಕೆಳಗಿಳಿದ ಮೇಲೆ. ನೀರು ತಲೆಗೆ 2 ಲೀಟರ್, ಬೇಸಿಗೆಯಲ್ಲಿ 3.

ದಾವಣಗೆರೆಯವರಿಗೆ ಹತ್ತಿರದಲ್ಲಿ ಹರಿಹರವಿದೆ. ಅಲ್ಲಿನ ಆರೋಗ್ಯಮಾತೆಯ ಬಸಿಲಿಕಾದಲ್ಲಿ ಮೌನವಾಗಿ ಅರ್ಧ ದಿನ ಕಳೆಯಬಹುದು. ಸೆಪ್ಟೆಂಬರ್ 8ರ ಹಬ್ಬದ ಆಸುಪಾಸಿನಲ್ಲಿ ಮಾತ್ರ ಮೌನ ಸಿಗುವುದಿಲ್ಲ, ಆಗ ಯಾತ್ರಿಕರಿಗೆ ನೀರು ಕೊಡುವ ಸೇವೆಗೆ ಹೋಗಿ. ತುಂಗಭದ್ರೆಗಾಗಲಿ ಸೂಳೆಕೆರೆಗಾಗಲಿ ಹೋದರೆ ಯಾರೂ ನೀರಿಗಿಳಿಯಬಾರದು ಎಂಬುದನ್ನು ಹೊರಡುವ ಮುಂಚೆಯೇ ಹೇಳಿ. ಈಜು ಬಲ್ಲವರೂ ಸೇರಿ. ಮರಳು ತೆಗೆದ ಗುಂಡಿ ನೀರಿನ ಮೇಲಿನಿಂದ ಕಾಣುವುದಿಲ್ಲ.

ಪ್ರಯಾಣಕ್ಕೆ ವ್ಯಾನ್ ಬಾಡಿಗೆ ಹಿಡಿಯುವ ಮುಂಚೆ ಲೆಕ್ಕ ಹಾಕಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. 25 ಮಂದಿಯಲ್ಲಿ 13 ಹುಡುಗಿಯರಿದ್ದರೆ 12 ಮಂದಿಯ ಖರ್ಚು ಮಾತ್ರ. ಗುರುತಿನ ಚೀಟಿ ತಪ್ಪದೆ ಇರಲಿ. ನಮ್ಮ ಕಡೆ ಖಾಸಗಿ ಬಸ್ಸುಗಳು ಬಹಳ, ಅವುಗಳಲ್ಲಿ ಇದು ನಡೆಯುವುದಿಲ್ಲ. ಒಂದೇ ಬಸ್ಸಿನಲ್ಲಿ 25 ಮಂದಿಗೆ ಜಾಗ ಸಿಗದು, ಎರಡು ತಂಡ ಮಾಡಿ, ಪ್ರತಿ ತಂಡಕ್ಕೆ ಇಬ್ಬರು ದೊಡ್ಡವರು.

18 ವರ್ಷದೊಳಗಿನ ಪ್ರತಿಯೊಬ್ಬರಿಗೂ ತಂದೆ ಅಥವಾ ತಾಯಿಯ ಸಹಿಯಿರುವ ಒಪ್ಪಿಗೆ ಚೀಟಿ ಬೇಕು: ಎಲ್ಲಿಗೆ, ಯಾವಾಗ ವಾಪಸ್, ಫೋನ್ ನಂಬರ್, ಯಾವ ಔಷಧಿ ಒಗ್ಗುವುದಿಲ್ಲ. ಬೇರೆ ಧರ್ಮದ ಗೆಳೆಯರು ಬರುತ್ತೇವೆಂದರೆ ಅವರ ಮನೆಯವರಿಗೆ ಇದು ಚರ್ಚಿನ ಕೂಟ, ವಾಕ್ಯ ಓದುತ್ತೇವೆ ಎಂದು ನೇರವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ. ಯಾವ ಮುಂದಾಳುವೂ ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಸಭೆಯೊಳಗೇ ಮುಗಿಸಿಕೊಳ್ಳುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಇವೆರಡನ್ನೂ ಪುಸ್ತಿಕೆಯ ಹಿಂಬದಿಯಲ್ಲಿ ಪ್ರತಿ ಸಲವೂ ಅಚ್ಚು ಹಾಕಿ.

ತಿಂಡಿ

ಮಂಡಕ್ಕಿ ಇರುವ ಊರಿನಲ್ಲಿ ಬೇಕರಿ ಪಫ್ಸ್‌ಗೆ ದುಡ್ಡು ಹಾಕುವುದು ಬೇಡ. ಒಗ್ಗರಣೆ ಮಂಡಕ್ಕಿಗೆ 25 ಮಂದಿಗೆ ಮಂಡಕ್ಕಿ ಒಂದೂವರೆ ಕಿಲೋ, ಈರುಳ್ಳಿ 1 ಕಿಲೋ, ಹಸಿಮೆಣಸಿನಕಾಯಿ 100 ಗ್ರಾಂ, ಶೇಂಗಾ ಕಾಲು ಕಿಲೋ, ಪುಟಾಣಿ ಹಿಟ್ಟು ಕಾಲು ಕಿಲೋ, ಎಣ್ಣೆ ಕಾಲು ಲೀಟರ್, ನಿಂಬೆಹಣ್ಣು ಆರು, ಜೊತೆಗೆ ಸಾಸಿವೆ, ಅರಿಶಿನ, ಕರಿಬೇವು, ಕೊತ್ತಂಬರಿ. ಮಂಡಕ್ಕಿಯನ್ನು ನೀರಿನಲ್ಲಿ ಮುಳುಗಿಸಿ ತಕ್ಷಣ ಹಿಂಡಿ ತೆಗೆಯಬೇಕು. ಅರ್ಧ ನಿಮಿಷ ಬಿಟ್ಟರೂ ಮುದ್ದೆಯಾಗುತ್ತದೆ. ಒಂದೂವರೆ ಕಿಲೋವನ್ನು ಒಂದೇ ಸಲ ನೆನೆಸಬೇಡಿ, ನಾಲ್ಕು ಪಾಲು ಮಾಡಿ. ಮಂಡಕ್ಕಿಯಲ್ಲೇ ಉಪ್ಪಿರುತ್ತದೆ, ರುಚಿ ನೋಡಿ ಹಾಕಿ. ಪುಟಾಣಿ ಹಿಟ್ಟು ಕೊನೆಗೆ, ಒಲೆ ಆರಿಸಿದ ಮೇಲೆ.

ತಿಂಗಳ ನಾಲ್ಕು ಭಾನುವಾರದಲ್ಲಿ ಎರಡಕ್ಕೆ ಸಂಘದ ದುಡ್ಡು, ಎರಡಕ್ಕೆ ಸರದಿಯ ಮೇಲೆ ಮನೆಗಳಿಂದ. ಕಷ್ಟದಲ್ಲಿರುವ ಮನೆಯ ಸರದಿ ಬಂದಾಗ ಅವರಿಗೆ ಮುಜುಗರವಾಗದಂತೆ ಸರದಿಯನ್ನು ಯಾವಾಗಲೂ ಇಬ್ಬಿಬ್ಬರ ಜೋಡಿಗೆ ಕೊಡಿ.

ದುಡ್ಡು, ಲೆಕ್ಕ

ತಿಂಗಳಿಗೆ ₹1,000 ಬರುವ ಸಂಘವಾದರೆ ₹400 ತಿಂಡಿಗೆ, ₹150 ಜೆರಾಕ್ಸ್‌ಗೆ, ₹350 ಪ್ರವಾಸ ಮತ್ತು ಸತ್ಯವೇದದ ನಿಧಿಗೆ, ₹100 ಮುಟ್ಟದೆ ಇಡಲು. ಚಂದಾ ಕಡ್ಡಾಯ ಮಾಡಬೇಡಿ, ಕೊಡಲಾಗದವರು ನೆಪ ಹೇಳದೆ ಸುಮ್ಮನೆ ಬರುವುದನ್ನು ಬಿಡುತ್ತಾರೆ. ಮುಚ್ಚಿದ ಡಬ್ಬಿ ಇಡಿ.

ಡಬ್ಬಿಯ ಹೊರಗೆ ಎರಡು ದಾರಿಗಳಿವೆ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಸಭೆಯ ಹರಾಜಿನ ಪಕ್ಕ ಯುವಕರದೇ ಒಂದು ಮೇಜು: ಬೆಳೆದ ತರಕಾರಿ, ಬಟ್ಟೆ ಅಂಗಡಿ ಮತ್ತು ದರ್ಜಿಗಳಿಂದ ಕೇಳಿ ತಂದ ತುಂಡುಬಟ್ಟೆಯಲ್ಲಿ ಹೊಲಿದ ಚೀಲ. ಇನ್ನೊಂದು ಹಳೆ ಪತ್ರಿಕೆ ಸಂಗ್ರಹ. ಪತ್ರಿಕೆ ತರಿಸುವ 30 ಮನೆಗಳಿಂದ ಮೂರು ತಿಂಗಳಿಗೊಮ್ಮೆ ಮನೆಗೆ 6–7 ಕಿಲೋ ಸಿಕ್ಕರೆ ಸುಮಾರು 200 ಕಿಲೋ. ಕಿಲೋಗೆ ₹10 ಬಂದರೂ ₹2,000. ಮಳೆಗಾಲದಲ್ಲಿ ಒದ್ದೆಯಾದ ಕಟ್ಟನ್ನು ಗುಜರಿಯವರು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಮೇ ಮತ್ತು ನವೆಂಬರ್‌ನಲ್ಲಿ ದೊಡ್ಡ ಸಂಗ್ರಹ ಇಟ್ಟುಕೊಳ್ಳಿ. ಕಟ್ಟುಗಳನ್ನು 10 ಕಿಲೋದಂತೆ ಮೊದಲೇ ತೂಗಿ ಕಟ್ಟಿ.

ವಿದೇಶದಲ್ಲಿರುವ ಸ್ನೇಹಿತರೋ ಸಂಸ್ಥೆಯೋ ಹಣ ಕಳಿಸುತ್ತೇವೆ ಎಂದರೆ ಒಪ್ಪಿಕೊಳ್ಳುವ ಮುಂಚೆ ನಿಲ್ಲಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಂಘಕ್ಕೆ ಅಂಥ ಹಣ ಪಡೆಯುವಂತಿಲ್ಲ. ಮುಂದಾಳುವಿನ ಸ್ವಂತ ಖಾತೆಗೆ ಹಾಕಿಸಿಕೊಂಡರೆ ತೊಂದರೆ ಇನ್ನೂ ದೊಡ್ಡದು. ಸಭಾಪಾಲಕರಿಗೆ ತಿಳಿಸಿ, ಅವರು ಸಭಾಪ್ರಾಂತ್ಯದ ಅಥವಾ ಧರ್ಮಪ್ರಾಂತ್ಯದ ಕಚೇರಿಯಲ್ಲಿ ಕೇಳಲಿ.

ಲೆಕ್ಕಕ್ಕೆ 100 ಪುಟದ ಒಂದು ನೋಟ್‌ಬುಕ್, ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ₹50ಕ್ಕಿಂತ ಹೆಚ್ಚಿನದಕ್ಕೆಲ್ಲ ರಸೀದಿ ಅಂಟಿಸಿ. ಫೋನ್‌ಪೇಯಲ್ಲಿ ಕೊಟ್ಟದ್ದಕ್ಕೂ ಅದೇ ದಿನ ಪುಸ್ತಕದಲ್ಲಿ ಬರೆಯಿರಿ, ತಿಂಗಳಾದ ಮೇಲೆ ಯಾವುದು ಸ್ವಂತದ್ದು, ಯಾವುದು ಸಂಘದ್ದು ಎಂದು ಗೊತ್ತಾಗುವುದಿಲ್ಲ. ಡಬ್ಬಿಯ ಕೀಲಿ ಒಬ್ಬರ ಹತ್ತಿರ, ಪುಸ್ತಕ ಇನ್ನೊಬ್ಬರ ಹತ್ತಿರ, ಎಣಿಸುವಾಗ ಇಬ್ಬರೂ ಇದ್ದು ಸಹಿ ಹಾಕಲಿ. ತಿಂಗಳ ಮೊದಲ ಭಾನುವಾರ ಆ ಪುಟವನ್ನು ಚರ್ಚಿನ ಸೂಚನಾ ಫಲಕದಲ್ಲಿ ಹಾಕಿ.